ತುಂಗಭದ್ರೆಯಿಂದ ತೆಂಕಣಕ್ಕೆ ದೋಣಿಯ ದಾರಿ

೧. ಒಂದು ಪ್ರಶ್ನೆ

ಸಿಂಧನೂರು ಮಸ್ಕಿಗಳ ಸೀಮೆಯಲ್ಲಿ ವಾಸಿಸುವವರೊಳಗೆ ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ನೋಡದವರು ಇರಲಾರರು. ಮಳೆಗಾಲದಲ್ಲಿ ಅದು ದಡ ಮುಟ್ಟಿ ಹರಿಯುತ್ತಿರುವಾಗ ಸೇತುವೆಯ ಮೇಲೆ ನಿಂತು ನೋಡುವವನ ಮನಸ್ಸಿನಲ್ಲಿ ಒಂದು ಪ್ರಶ್ನೆಯು ತಾನಾಗಿ ಹುಟ್ಟುವದು. ಇಷ್ಟು ನೀರು ಇಷ್ಟು ದೂರ ಹರಿಯುತ್ತಿದ್ದರೂ ಇದರ ಮೇಲೆ ಒಂದು ದೋಣಿಯಾದರೂ ಯಾಕೆ ಕಾಣಿಸುವದಿಲ್ಲ? ಗಂಡನೂ ಹೆಂಡತಿಯೂ ಒಂದು ದೋಣಿಯಲ್ಲಿ ಬುತ್ತಿ ಕಟ್ಟಿಕೊಂಡು, ಹಾಯಿಯನ್ನು ಬಿಚ್ಚಿ, ಇಲ್ಲಿಂದ ದಕ್ಷಿಣದ ಸಮುದ್ರತೀರದ ವರೆಗೆ ಹೋಗಬಾರದೋ?

ಈ ಪ್ರಶ್ನೆಯನ್ನು ಕೇಳಿ ನಗಬೇಡಿರಿ. ನೂರರವತ್ತು ವರುಷಗಳ ಹಿಂದೆ ದೊಡ್ಡ ಬುದ್ಧಿವಂತರಾದ ಇಂಜಿನಿಯರರು ಇದನ್ನೇ ಯೋಚಿಸಿ, ಕೋಟಿಗಟ್ಟಲೆ ರೂಪಾಯಿಗಳನ್ನು ವೆಚ್ಚಮಾಡಿ, ಆ ದಾರಿಯ ಹೆಚ್ಚು ಭಾಗವನ್ನು ಅಗಿಸಿಯೇ ಬಿಟ್ಟರು. ಅದು ಎಲ್ಲಿಯ ವರೆಗೆ ನಡೆಯಿತು, ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬದನ್ನು ತಿಳಿಯುವದರಿಂದ ನಮ್ಮ ಮನೆಯ ಮುಂದೆ ಹರಿಯುವ ನೀರಿನ ವಿಷಯದಲ್ಲಿಯೂ ಒಂದು ಅವಶ್ಯವಾದ ಪಾಠವು ನಮಗೆ ದೊರೆಯುವದು.

ಪಾಠವು ಸುಲಭವಾಗುವಂತೆ, ೧೮೮೫ನೇ ಇಸವಿಯ ಕಾರ್ತಿಕ ಮಾಸದಲ್ಲಿ ಸಿಂಧನೂರು ತಾಲೂಕಿನ ಒಬ್ಬ ಒಕ್ಕಲಿಗನೂ ಅವನ ಹೆಂಡತಿಯೂ ಇಂಥ ಪ್ರಯಾಣಕ್ಕೆ ಹೊರಟರೆಂದು ಎಣಿಸೋಣ. ಈ ದಂಪತಿಗಳು ನಮ್ಮ ಎಣಿಕೆಯವರು. ಅವರು ಹಾದುಹೋಗುವ ದಾರಿಯಾದರೋ ನಿಜವಾದದ್ದು. ಆಗ ನಮ್ಮ ಸೀಮೆಯು ನಿಜಾಮ ಸರಕಾರಕ್ಕೆ ಸೇರಿತ್ತು. ಲಿಂಗಸುಗೂರು ಆಗ ಬರೇ ತಾಲೂಕಿನ ಊರಾಗಿರದೆ ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಸಿಂಧನೂರು ಆ ಜಿಲ್ಲೆಯೊಳಗಿತ್ತು. ೧೯೦೫ರಲ್ಲಿ ಆ ಜಿಲ್ಲೆಯನ್ನು ಮುರಿದು ಇವೆರಡನ್ನೂ ರಾಯಚೂರಿಗೆ ಸೇರಿಸಿದರು.

೨. ನಮ್ಮ ಹರಿಗೋಲು

ನಮ್ಮದು ಎರಡು ನದಿಗಳ ನಡುವಿನ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಆದಕಾರಣವೇ ಹಿಂದಿನವರು ಇದನ್ನು ಎಡೆದೊರೆನಾಡು ಎಂದು ಕರೆದರು. ಇಂಥ ನಾಡಿನವರಿಗೆ ದೋಣಿಯ ಗುರುತಿಲ್ಲವೆಂದು ಹೇಳಲಾದೀತೇ? ನಮ್ಮ ದೋಣಿಯು ಹರಿಗೋಲು. ಬಿದಿರಿನ ಸೀಳುಗಳಿಂದ ದುಂಡಗೆ ಹೆಣೆದ ಬುಟ್ಟಿಗೆ ಮುಂಚೆ ತೊಗಲನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ದೊಮಿಂಗೋ ಪಾಯಸ್ ಎಂಬ ಪೋರ್ಚುಗೀಸನು ಆನೆಗೊಂದಿಯ ಕಡವಿನಲ್ಲಿ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ದಾಟುವದನ್ನೂ, ಅಗತ್ಯವಿದ್ದಾಗ ಕುದುರೆ ಎತ್ತುಗಳನ್ನು ಸಹ ದಾಟಿಸುವದನ್ನೂ ಆಶ್ಚರ್ಯದಿಂದ ಬರೆದಿಟ್ಟನು. ಐನೂರು ವರುಷಗಳು ಕಳೆದರೂ ಅದರ ಆಕಾರವು ಮಾರ್ಪಟ್ಟಿಲ್ಲ.

ಆದರೆ ಹರಿಗೋಲಿನಲ್ಲಿ ದೂರ ಪ್ರಯಾಣ ಮಾಡುವದು ಕಷ್ಟ. ಅದಕ್ಕೆ ಮುಂದು ಹಿಂದು ಎಂಬದಿಲ್ಲ. ಹಾಯಿ ಕಟ್ಟಿದರೆ ಗಾಳಿಯು ಅದನ್ನು ಬುಗುರಿಯಂತೆ ತಿರುಗಿಸುವದು. ಬಂಡೆಗೆ ತಗಲಿದರೆ ಒಡೆಯದೆ ಹಾರಿ ಪಕ್ಕಕ್ಕೆ ಸರಿಯುವದು ಅದರ ಗುಣ. ಆದಕಾರಣ ಕಲ್ಲುಗಳಿಂದ ತುಂಬಿದ ನಮ್ಮ ನದಿಗಳನ್ನು ಅಡ್ಡಲಾಗಿ ದಾಟುವದಕ್ಕೆ ಅದು ತಕ್ಕದ್ದು. ನದಿಯ ಉದ್ದಕ್ಕೆ ಹೋಗುವದಕ್ಕೆ ತಕ್ಕದ್ದಲ್ಲ. ದಾಟುವದರಲ್ಲಿ ಸಹ ಅಪಾಯವಿಲ್ಲದಿಲ್ಲ. ೨೦೨೦ರ ಆಗಸ್ಟಿನಲ್ಲಿ ರಾಯಚೂರು ತಾಲೂಕಿನ ಕೃಷ್ಣೆಯ ನಡುಗಡ್ಡೆಯೊಂದರ ಜನರು ಪ್ರವಾಹದಲ್ಲಿ ಹರಿಗೋಲು ಮಗುಚಿ ಕೊಚ್ಚಿಹೋದ ದುಃಖವನ್ನು ನಾವು ಮರೆತಿಲ್ಲ. ಲಿಂಗಸುಗೂರು ತಾಲೂಕಿನಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲಾ ಶೀಲಹಳ್ಳಿಯ ಸೇತುವೆಯು ಮುಳುಗಿ, ನಡುಗಡ್ಡೆಯವರು ಸಂತೆಗೂ ಆಸ್ಪತ್ರೆಗೂ ದಾರಿಯಿಲ್ಲದೆ ಕಾಯುವದನ್ನು ಅಲ್ಲಿಯವರು ಬಲ್ಲರು.

ಕೃಷ್ಣೆಯ ದಾರಿಯನ್ನು ನಮ್ಮ ದಂಪತಿಗಳು ಯಾಕೆ ಹಿಡಿಯಲಿಲ್ಲವೆಂದು ಕೇಳುವಿರೋ? ಅದಕ್ಕೆ ಜಲದುರ್ಗವೇ ಉತ್ತರ. ಅಲ್ಲಿ ನದಿಯು ಮೇಲಿನ ಪ್ರಸ್ಥಭೂಮಿಯನ್ನು ಬಿಟ್ಟು ಕೆಳಗಿನ ಬಯಲಿಗೆ ಧುಮುಕುವದು. ಮೂರು ಮೈಲುಗಳೊಳಗೆ ಸುಮಾರು ೪೦೦ ಅಡಿ ಇಳಿಯುವದೆಂದು ಹಳೆಯ ಗ್ಯಾಸೆಟಿಯರಿನಲ್ಲಿ ಬರೆದದೆ. ಅಲ್ಲಿ ಯಾವ ಹಾಯಿದೋಣಿಯು ಉಳಿದೀತು? ಆದದರಿಂದ ಅವರು ದಕ್ಷಿಣಕ್ಕೆ ತಿರುಗಿ, ಧಡೇಸೂಗೂರಿನ ಕಡವಿನಲ್ಲಿ ತುಂಗಭದ್ರೆಗಿಳಿದು, ಆಳವಿದ್ದಲ್ಲಿ ಹರಿಗೋಲಿನಲ್ಲಿ ಕೂತು, ಕಲ್ಲಿದ್ದಲ್ಲಿ ದಡದ ಮೇಲೆ ನಡೆದು, ಮಂತ್ರಾಲಯವನ್ನು ಕಳೆದು, ಸುಂಕೇಸುಲವೆಂಬ ಸ್ಥಳಕ್ಕೆ ಮುಟ್ಟಿದರೆಂದು ಎಣಿಸೋಣ. ನಿಜವಾದ ಜಲಮಾರ್ಗವು ಅಲ್ಲಿಂದಲೇ ಆರಂಭ.

೩. ಕಾಟನ್ ದೊರೆಯ ಯೋಚನೆ

ಸರ್ ಆರ್ಥರ್ ಕಾಟನ್ (೧೮೦೩–೧೮೯೯) ಎಂಬ ಇಂಜಿನಿಯರನ ಹೆಸರನ್ನು ಗೋದಾವರಿಯ ಜನರು ಇಂದಿಗೂ ಕೃತಜ್ಞತೆಯಿಂದ ಹೇಳುತ್ತಾರೆ. ಆತನು ಧವಳೇಶ್ವರದಲ್ಲಿ ಗೋದಾವರಿಗೆ ಒಡ್ಡು ಕಟ್ಟಿಸಿ ೧೮೫೨ರಲ್ಲಿ ಮುಗಿಸಿದನು. ಅದರ ಕಾಲುವೆಗಳು ಎರಡು ಕೆಲಸಗಳನ್ನು ಮಾಡಿದವು: ಹೊಲಕ್ಕೆ ನೀರುಣಿಸಿದವು, ಧಾನ್ಯದ ದೋಣಿಗಳನ್ನೂ ಹೊತ್ತವು. ಇದನ್ನು ಕಂಡ ಕಾಟನನಿಗೆ, ಹಿಂದುಸ್ಥಾನಕ್ಕೆ ರೈಲಿಗಿಂತ ಜಲಮಾರ್ಗಗಳೇ ಹೆಚ್ಚು ಅವಶ್ಯವೆಂಬ ದೃಢವಾದ ಅಭಿಪ್ರಾಯ ಉಂಟಾಯಿತು. ರೈಲು ಧಾನ್ಯವನ್ನು ಸಾಗಿಸಬಲ್ಲದು, ಬೆಳೆಸಲಾರದು. ಕಾಲುವೆಯಾದರೋ ಬೆಳೆಸುವದು, ಸಾಗಿಸುವದು ಸಹ ಎಂಬದೇ ಆತನ ವಾದದ ಸಾರ.

೧೮೬೦ರಲ್ಲಿ ತುಂಗಭದ್ರೆಯ ನೀರನ್ನು ಕೂಡಿಟ್ಟು ಬರಗಾಲವನ್ನು ತಡೆಯಬೇಕೆಂಬ ಯೋಚನೆಯನ್ನು ಮೊದಲು ಮುಂದಿಟ್ಟವನೂ ಆತನೇ. ಇಂಥ ಕೆಲಸಗಳಿಗೋಸ್ಕರ ಇಂಗ್ಲೆಂಡಿನಲ್ಲಿ ಮದ್ರಾಸ್ ನೀರಾವರಿ ಕಂಪೆನಿಯೆಂಬದು ಹುಟ್ಟಿತ್ತು. ಹಣ ಹಾಕಿದವರಿಗೆ ನೂರಕ್ಕೆ ಐದರಂತೆ ಬಡ್ಡಿಯನ್ನು ಕೊಡುವೆವೆಂದು ಸರಕಾರದವರು ಮಾತು ಕೊಟ್ಟರು. ಕರ್ನೂಲಿನ ಮೇಲಕ್ಕೆ ಸುಂಕೇಸುಲದಲ್ಲಿ ತುಂಗಭದ್ರೆಗೆ ಒಡ್ಡು ಹಾಕಿ, ಅಲ್ಲಿಂದ ಕಡಪದ ವರೆಗೆ ಕಾಲುವೆಯನ್ನು ತೋಡಿದರು. ೧೮೬೩ರಲ್ಲಿ ತೊಡಗಿದ ಕೆಲಸವು ೧೮೭೧ರಲ್ಲಿ ಮುಗಿಯಿತು. ಅದನ್ನು ಪೆನ್ನಾ ನದಿಯ ಕಣಿವೆಯಿಂದ ನೆಲ್ಲೂರಿನ ಸಮುದ್ರತೀರಕ್ಕೆ ಮುಟ್ಟಿಸಬೇಕೆಂಬದು ಮೊದಲಿನ ಆಶೆಯಾಗಿತ್ತು. ಆ ಆಶೆಯು ನೆರವೇರಿದ್ದರೆ ನಮ್ಮ ತುಂಗಭದ್ರೆಯಲ್ಲಿ ಬಿಚ್ಚಿದ ಹಾಯಿಯನ್ನು ಮೂಡಣ ಸಮುದ್ರದ ಬಳಿಯಲ್ಲಿ ಮಡಿಚಬಹುದಾಗಿತ್ತು.

೪. ದೋಣಿಯು ಮೆಟ್ಟಲು ಇಳಿಯುವ ಬಗೆ

ಇಲ್ಲಿ ಒಂದು ಸಂಶಯ ಬರುವದು. ಭೂಮಿಯು ಇಳಿಜಾರಾಗಿರುವದು, ದೋಣಿಗಾದರೋ ಸಮನಾದ ನೀರು ಬೇಕು. ಹಾಗಾದರೆ ನೂರಾರು ಅಡಿಗಳ ಇಳಿತವನ್ನು ದೋಣಿಯು ಹೇಗೆ ಇಳಿಯುವದು?

ಇದಕ್ಕೆ ಲಾಕು ಎಂಬ ಉಪಾಯವುಂಟು. ಎರಡು ಬಾಗಿಲುಗಳುಳ್ಳ ಒಂದು ಪಡಸಾಲೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಒಂದು ಬಾಗಿಲು ಮೇಲಿನ ಕಾಲುವೆಯ ಕಡೆಗೆ, ಇನ್ನೊಂದು ಕೆಳಗಿನ ಕಾಲುವೆಯ ಕಡೆಗೆ. ಪಡಸಾಲೆಯ ಗೋಡೆಗಳು ಕಲ್ಲಿನವು. ಮೇಲಿನಿಂದ ಬಂದ ದೋಣಿಗಾಗಿ ಪಡಸಾಲೆಯಲ್ಲಿ ಮೇಲಿನ ಮಟ್ಟದ ವರೆಗೆ ನೀರು ತುಂಬಿಸಿ, ಮೇಲಿನ ಬಾಗಿಲನ್ನು ತೆರೆಯುವರು. ದೋಣಿಯು ಒಳಗೆ ಬಂದ ಮೇಲೆ ಆ ಬಾಗಿಲನ್ನು ಮುಚ್ಚಿ, ಕೆಳಗಿನ ಬಾಗಿಲಿನಲ್ಲಿರುವ ಸಣ್ಣ ಕಿಂಡಿಯನ್ನು ಎತ್ತುವರು. ನೀರು ಮೆಲ್ಲಮೆಲ್ಲನೆ ಕೆಳಗೆ ಹೋದಂತೆ ದೋಣಿಯೂ ಅಲುಗಾಡದೆ ಇಳಿಯುವದು. ಒಳಗಿನ ನೀರೂ ಹೊರಗಿನ ನೀರೂ ಸಮವಾದಾಗ ಕೆಳಗಿನ ಬಾಗಿಲು ತಡೆಯಿಲ್ಲದೆ ತೆರೆಯುವದು. ದೋಣಿಯು ಮುಂದಕ್ಕೆ ಹೊರಡುವದು. ಮೇಲಕ್ಕೆ ಬರುವ ದೋಣಿಗೆ ಇದನ್ನೇ ತಿರುಗಾಮುರುಗಾ ಮಾಡುವರು. ಹೀಗೆ ಕಾಲುವೆಯನ್ನು ಮನೆಯ ಮೆಟ್ಟಲುಗಳಂತೆ ಕಟ್ಟಿ, ಒಂದೊಂದು ಮೆಟ್ಟಲಿನಲ್ಲಿ ನೀರನ್ನು ಸಮವಾಗಿ ನಿಲ್ಲಿಸುವರು.

ಇದರಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿನಲ್ಲಿಡಿರಿ. ಒಂದು ಮೆಟ್ಟಲಿನಲ್ಲಿ ನೀರು ಬತ್ತಿದರೂ ದಾರಿಯೆಲ್ಲವೂ ಕೆಟ್ಟಿತು. ಮೇಲಿನವನು ಎಷ್ಟು ಆಳದ ನೀರಿನಲ್ಲಿದ್ದರೂ ಕೆಳಗಿನವನಿಗೆ ನೀರು ಇಲ್ಲದಿದ್ದರೆ ಅವನ ಪ್ರಯಾಣವು ಆ ಬಾಗಿಲಲ್ಲಿಯೇ ನಿಲ್ಲುವದು. ನಮ್ಮ ಪಾಠದ ಕೀಲಿಕೈಯು ಇದೇ.

೫. ಸುಂಕೇಸುಲದಿಂದ ಕಡಪಕ್ಕೆ

ನಮ್ಮ ದಂಪತಿಗಳು ಸುಂಕೇಸುಲದಲ್ಲಿ ಚಪ್ಪಟೆ ತಳದ ಒಂದು ದೋಣಿಯನ್ನು ಹತ್ತಿದರು. ಹಿಂಭಾಗದಲ್ಲಿ ಚಾಪೆಯ ನೆರಳು, ಮಣ್ಣು ಮೆತ್ತಿದ ಒಲೆ, ನಡುವೆ ಹಾಯಿಕಂಬ. ಗಾಳಿಯು ಅನುಕೂಲವಾದಾಗ ಹಾಯಿ ಬಿಚ್ಚುವದು. ಇಲ್ಲದಾಗ ಒಬ್ಬನು ದಡದ ಮೇಲೆ ಹಗ್ಗ ಹಿಡಿದು ಎಳೆಯುವದು, ಇನ್ನೊಬ್ಬನು ಗಳುವಿನಿಂದ ದೋಣಿಯನ್ನು ದಡಕ್ಕೆ ತಗಲದಂತೆ ನೂಕುವದು. ಗಂಡನು ಹಗ್ಗ ಹಿಡಿದರೆ ಹೆಂಡತಿಯು ಗಳು ಹಿಡಿಯಬೇಕು. ಒಬ್ಬರು ಬಲಕ್ಕೂ ಒಬ್ಬರು ಎಡಕ್ಕೂ ಎಳೆದರೆ ದೋಣಿಯು ಕೆಸರನ್ನೇ ಸೇರುವದು. ಸಂಸಾರದ ರೀತಿಯೂ ಅದೇ ಅಲ್ಲವೇ?

ಕರ್ನೂಲಿನಲ್ಲಿ ಅವರಿಗೆ ಒಂದು ವಿಸ್ಮಯ ಕಾದಿತ್ತು. ಹಿಂದ್ರಿ ನದಿಯು ಕೆಳಗೆ ಹರಿಯುತ್ತಿರಲಾಗಿ, ಕಲ್ಲಿನ ಕಮಾನುಗಳ ಮೇಲೆ ಕಟ್ಟಿದ ಮೇಲ್ಗಾಲುವೆಯಲ್ಲಿ ಅವರ ದೋಣಿಯು ನದಿಯನ್ನು ದಾಟಿತು. ನೀರಿನ ಮೇಲೆ ನೀರು! ಮುಂದೆ ಮಿಟ್ಟಕಂದಾಲದ ಬಳಿಯಲ್ಲಿ ದಿಣ್ಣೆಯನ್ನು ಆಳವಾಗಿ ಕಡಿದು ದಾರಿ ಮಾಡಿದ್ದರು. ಆ ದಿಣ್ಣೆಯ ಈಚೆ ಬಿದ್ದ ಮಳೆಯು ಕೃಷ್ಣೆಗೆ ಸೇರುವದು, ಆಚೆ ಬಿದ್ದದ್ದು ಪೆನ್ನೆಗೆ ಸೇರುವದು. ಅಂದರೆ ನಮ್ಮ ತುಂಗಭದ್ರೆಯ ನೀರು ತನ್ನ ಹುಟ್ಟುಗುಣವನ್ನು ಮೀರಿ, ಮನುಷ್ಯನ ಕೈಕೆಲಸದಿಂದ ಬೇರೊಂದು ನದಿಯ ಸೀಮೆಗೆ ಹೋಯಿತು. ಅಲ್ಲಿಂದ ನಂದ್ಯಾಲದ ಕಪ್ಪು ಭೂಮಿ, ಮುಂದೆ ಕಡಪ. ಒಟ್ಟಿನಲ್ಲಿ ಸುಮಾರು ೧೯೦ ಮೈಲು, ಈಗಿನ ಲೆಕ್ಕದಲ್ಲಿ ೩೦೫ ಕಿಲೋಮೀಟರಿಗಿಂತ ಹೆಚ್ಚು.

ಆದರೆ ಈ ಕಾಲುವೆಯ ಮೇಲೆ ಅವರಿಗೆ ಎದುರಾದ ದೋಣಿಗಳು ಕೊಂಚವೇ. ಅದರ ಕಾರಣಗಳನ್ನು ಹೇಳುತ್ತೇವೆ.

ಮೊದಲನೆಯದು, ಕಾಲುವೆಯು ಸಮುದ್ರಕ್ಕೆ ಮುಟ್ಟಲಿಲ್ಲ. ದೊಡ್ಡ ಪೇಟೆಯನ್ನಾಗಲಿ ರೇವನ್ನಾಗಲಿ ಮುಟ್ಟದ ದಾರಿಯಲ್ಲಿ ವ್ಯಾಪಾರಿಯು ಮೂಟೆ ಹೇರುವದಿಲ್ಲ. ಎರಡನೆಯದು, ರೈಲು. ಕಾಲುವೆ ಮುಗಿದ ೧೮೭೧ರಲ್ಲಿಯೇ ಮುಂಬಯಿಯಿಂದ ಬಂದ ರೈಲೂ ಮದ್ರಾಸಿನಿಂದ ಬಂದ ರೈಲೂ ನಮ್ಮ ರಾಯಚೂರಿನಲ್ಲಿ ಕೂಡಿದವು. ಆ ಮದ್ರಾಸ್ ರೈಲು ಕಡಪದ ಮೇಲೆಯೇ ಹಾದುಹೋಗುವದು. ವಾರಗಟ್ಟಲೆ ಹಗ್ಗ ಎಳೆಯುವದಕ್ಕಿಂತ ರೈಲಿನ ಚೀಟಿಯನ್ನು ಕೊಳ್ಳುವದು ಯಾರಿಗೆ ಬೇಡ? ಮೂರನೆಯದೇ ಮುಖ್ಯವಾದದ್ದು. ಹೊಲಕ್ಕೆ ನೀರು ಬೇಕಾದವನು ಕಾಲುವೆಯಿಂದ ನೀರನ್ನು ಹೊರಕ್ಕೆ ತೆಗೆಯುವನು. ದೋಣಿಯವನಿಗಾದರೋ ನೀರು ಒಳಗೆಯೇ ನಿಲ್ಲಬೇಕು. ಹೊಲದ ಕಾಲುವೆಯು ಮುಂದೆ ಹೋದಂತೆ ಸಣ್ಣದಾಗುವದು, ಬೇಸಿಗೆಯಲ್ಲಿ ಮುಚ್ಚುವದು; ದೋಣಿಯ ಕಾಲುವೆಯು ತಲೆಯಿಂದ ಬಾಲದ ವರೆಗೆ ಒಂದೇ ಆಳವಾಗಿ ವರುಷವೆಲ್ಲಾ ಇರಬೇಕು. ಎರಡನ್ನೂ ಒಂದರಲ್ಲಿ ನಡಿಸಬೇಕಾದರೆ ಧಾರಾಳವಾದ ನೀರೂ, ಗೋದಾವರಿಯ ಬಯಲಿನಂಥ ಸಮನಾದ ನೆಲವೂ ಬೇಕು. ನಮ್ಮ ಕಡೆಯ ಏರುತಗ್ಗಿನ ಭೂಮಿಯಲ್ಲಿ ಅದು ಕೂಡಿಬರಲಿಲ್ಲ.

ಹೀಗಿರಲಾಗಿ ಕಂಪೆನಿಯು ಲಾಭ ಕಾಣದೆ ಹೋಯಿತು. ೧೮೮೨ರಲ್ಲಿ ಸರಕಾರದವರು ಕಾಲುವೆಯನ್ನು ಕೊಂಡುಕೊಂಡರು. ೧೯೩೩ರಲ್ಲಿ ದೋಣಿಯ ಸಂಚಾರವನ್ನು ಬಿಟ್ಟು ಅದನ್ನು ಬರೇ ನೀರಾವರಿಯ ಕಾಲುವೆಯಾಗಿ ಮಾಡಿದರು. ಇಂದಿಗೂ ಅದು ಕರ್ನೂಲು, ನಂದ್ಯಾಲ, ಕಡಪಗಳ ಹೊಲಗಳಿಗೆ ನೀರುಣಿಸುತ್ತಿದೆ. ದೋಣಿಯ ಆಶೆ ಮುರಿಯಿತು, ಅನ್ನದ ಆಶೆ ನಿಂತಿತು.

೬. ಹಸಿದವರು ತೋಡಿದ ದಾರಿ

ಕಡಪದಲ್ಲಿ ದೋಣಿಯನ್ನು ಬಿಟ್ಟು, ನಮ್ಮ ದಂಪತಿಗಳು ಎತ್ತಿನ ಗಾಡಿಯಲ್ಲಿ ಪೆನ್ನೆಯ ಕಣಿವೆಯನ್ನು ಹಿಡಿದು, ನದಿಯು ಗುಡ್ಡಗಳನ್ನು ಸೀಳಿಕೊಂಡು ಬರುವ ಸೋಮಶಿಲದ ಕಡೆಯಿಂದ ನೆಲ್ಲೂರಿಗೆ ಬಂದರು. ಆ ನೂರು ಮೈಲಿನ ಸುಮಾರಿನ ದಾರಿಯೇ ಕಾಟನನು ತೋಡಿಸಬೇಕೆಂದಿದ್ದು ತೋಡದೆ ಉಳಿದ ಭಾಗ. ನೆಲ್ಲೂರಿನ ಮೂಡಲಲ್ಲಿ ಅವರು ಬಕಿಂಗ್‌ಹ್ಯಾಮ್ ಕಾಲುವೆಯನ್ನು ಕಂಡರು. ಇಲ್ಲಿ ಹಾಯಿಗಳ ಸಾಲೇ ಸಾಲು.

ಈ ಕಾಲುವೆಯ ಚರಿತ್ರೆಯನ್ನು ಕೇಳಿರಿ. ೧೮೦೬ರಲ್ಲಿ ಬೇಸಿಲ್ ಕಾಕ್ರೇನ್ ಎಂಬ ವರ್ತಕನ ಹಣದಿಂದ ಮದ್ರಾಸಿನಿಂದ ಎಣ್ಣೂರಿನ ವರೆಗೆ ಮೊದಲಿನ ತುಂಡನ್ನು ಅಗಿದರು. ಆಮೇಲೆ ಪುಲಿಕಾಟ್ ಸರೋವರದ ವರೆಗೆ ಅದನ್ನು ಬೆಳಿಸಿದರು. ೧೮೩೭ರಲ್ಲಿ ಸರಕಾರದವರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಕಡೆಗೆ ಅದು ಉತ್ತರದಲ್ಲಿ ಕೃಷ್ಣಾ ಮುಖಜಭೂಮಿಯ ಪೆದ್ದಗಂಜಾಮಿಗೂ, ದಕ್ಷಿಣದಲ್ಲಿ ಮರಕ್ಕಾಣಕ್ಕೂ ಮುಟ್ಟಿತು. ಮದ್ರಾಸಿನ ಉತ್ತರಕ್ಕೆ ೩೧೫, ದಕ್ಷಿಣಕ್ಕೆ ೧೦೩ ಕಿಲೋಮೀಟರು. ಉತ್ತರದ ತುದಿಯಲ್ಲಿ ಕೃಷ್ಣೆಯ ಕಾಲುವೆಗಳು, ಅವುಗಳ ಆಚೆಗೆ ಗೋದಾವರಿಯ ಕಾಲುವೆಗಳು ಕೂಡಿಕೊಂಡದ್ದರಿಂದ, ಕಾಕಿನಾಡದಲ್ಲಿ ಹೊರಟ ಅಕ್ಕಿಯ ದೋಣಿಯು ಸಮುದ್ರಕ್ಕಿಳಿಯದೆ ಮದ್ರಾಸಿಗೆ ಬರಬಹುದಾಗಿತ್ತು.

ಆದರೆ ಈ ಕಾಲುವೆಯ ತುಂಡುಗಳನ್ನು ಜೋಡಿಸಿದವರು ಯಾರು? ೧೮೭೬ರಿಂದ ೧೮೭೮ರ ವರೆಗೆ ಇದ್ದ ದೊಡ್ಡ ಬರವನ್ನು ನಮ್ಮ ಮುತ್ತಜ್ಜಂದಿರು ಕಂಡವರು. ರಾಯಚೂರು, ಬಳ್ಳಾರಿ, ಕರ್ನೂಲು ಸೀಮೆಗಳಲ್ಲಿ ಹಳ್ಳಿಗಳು ಬರಿದಾದವು. ಮದ್ರಾಸ್ ಸರಕಾರದವರು ಹಸಿದವರಿಗೆ ಕೂಲಿ ಕೊಟ್ಟು ಈ ಕಾಲುವೆಯನ್ನು ಅಗಿಸಿದರು. ಮದ್ರಾಸ್ ಪಟ್ಟಣದೊಳಗೆ ಕೂವಂ ಅಡಯಾರು ಎಂಬ ಎರಡು ನದಿಗಳನ್ನು ಕೂಡಿಸುವ ಐದು ಮೈಲಿನ ತುಂಡು ೧೮೭೭–೭೮ರಲ್ಲಿ ಹಾಗೆಯೇ ಆಯಿತು. ಗಂಡನು ಗುದ್ದಲಿ ಹಿಡಿದನು, ಹೆಂಡತಿಯು ಬುಟ್ಟಿ ಹೊತ್ತಳು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲನ ಮಾತಿನಿಂದ ಗಂಡಸಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದರು. ಒಂದು ಪೌಂಡು ಎಂದರೆ ಅರ್ಧ ಕಿಲೋಗ್ರಾಮಿಗಿಂತಲೂ ಕಡಿಮೆ. ಅದನ್ನು ತಿಂದು ದಿನವೆಲ್ಲಾ ಮಣ್ಣು ಅಗಿಯಬೇಕು. ಕೆಲಸವು ಮುಗಿದ ೧೮೭೮ರಲ್ಲಿ ಕಾಲುವೆಗೆ ಗವರ್ನರನಾದ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರನ್ನು ಇಟ್ಟರು. ಅಗಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆದದರಿಂದ, ನಮ್ಮ ದಂಪತಿಗಳು ತಂಪಾದ ಗಾಳಿಯಲ್ಲಿ ಸುಖವಾಗಿ ಸಾಗುತ್ತಿದ್ದಾಗ ಅವರ ದೋಣಿಯ ತಳದ ಕೆಳಗೆ ಇದ್ದದ್ದು ಬರೇ ನೀರಲ್ಲ. ಅವರಂಥ ಬೇರೆ ದಂಪತಿಗಳ ಬೆವರು ಅಲ್ಲಿತ್ತು.

೭. ಹಾಯಿ ಬಿಚ್ಚಿ ದಕ್ಷಿಣಕ್ಕೆ

ಕಾರ್ತಿಕ ಮಾರ್ಗಶಿರಗಳಲ್ಲಿ ಆ ತೀರದ ಗಾಳಿಯು ಈಶಾನ್ಯದಿಂದ ಬೀಸುವದು. ಆದಕಾರಣ ದಕ್ಷಿಣಕ್ಕೆ ಹೋಗುವವರಿಗೆ ಗಾಳಿಯು ಬೆನ್ನಿಗೆ. ಅದೇ ತಿಂಗಳುಗಳಲ್ಲಿ ಬಂಗಾಳ ಸಮುದ್ರದಿಂದ ಬಿರುಗಾಳಿಯೂ ಬರುವದರಿಂದ ದೋಣಿಯವರು ಮುಗಿಲನ್ನು ನೋಡಿಕೊಂಡೇ ನಡೆಯುತ್ತಿದ್ದರು. ಕಾಲುವೆಯು ಸಮುದ್ರದ ದಡಕ್ಕೆ ಸರಿಯಾಗಿ, ಅದರಿಂದ ಸ್ವಲ್ಪವೇ ಒಳಗೆ ಹರಿಯುವದು. ಹೆಚ್ಚಾಗಿ ಉಪ್ಪುನೀರು, ಸಮುದ್ರದೊಂದಿಗೆ ಏರಿ ಇಳಿಯುವದು. ಕುಡಿಯುವ ನೀರನ್ನು ಕೊಡಗಳಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಒಕ್ಕಲಗಿತ್ತಿಯು ಮೊದಲ ದಿನ ಆ ನೀರಿನಲ್ಲಿ ಬೇಳೆ ಬೇಯಿಸಲು ಹೋಗಿ ಪಾಠ ಕಲಿತಳೆಂದು ಎಣಿಸಿದರೆ ತಪ್ಪಾಗಲಾರದು.

ಅವರಿಗೆ ಎದುರು ಬಂದ ದೋಣಿಗಳಲ್ಲಿ ಸರ್ವೆಯ ಸೌದೆ, ಉಪ್ಪು, ಅಕ್ಕಿ, ಸುಣ್ಣಕ್ಕಾಗಿ ಕಪ್ಪೆಚಿಪ್ಪು ಇದ್ದವು. ನದಿಗಳು ಅಡ್ಡಲಾಗಿ ಬಂದಲ್ಲಿ ಲಾಕುಗಳು. ಮುಂದೆ ಪುಲಿಕಾಟ್ ಸರೋವರ. ಮೂಡಲಿಗೆ ಶ್ರೀಹರಿಕೋಟೆಯ ಉದ್ದವಾದ ದ್ವೀಪ, ಆಳವಿಲ್ಲದ ನೀರಿನಲ್ಲಿ ಸಾವಿರಾರು ರಾಜಹಂಸಗಳು. ಇಂದು ಆ ದ್ವೀಪದಿಂದ ನಮ್ಮ ದೇಶದ ಆಕಾಶನೌಕೆಗಳು ಏರುತ್ತವೆ. ಅಂದು ಅದು ಸೌದೆಯ ಕಾಡು. ಅಲ್ಲಿಂದ ಎಣ್ಣೂರು, ಮದ್ರಾಸ್ ಪಟ್ಟಣದ ನಡುಮಧ್ಯ, ಕೋವಳಂ, ಮಹಾಬಲಿಪುರದ ಹಿಂಭಾಗ, ಕಡೆಗೆ ಮರಕ್ಕಾಣದ ಉಪ್ಪಿನ ಗದ್ದೆಗಳು. ಅಲ್ಲಿ ಕಾಲುವೆಯು ಮುಗಿಯಿತು. ಅವರು ಹಾಯಿಯನ್ನು ಮಡಿಚಿದರು.

೮. ಆ ದಾರಿಯ ಇಂದಿನ ಸ್ಥಿತಿ

ಆ ಕಾಲುವೆಯ ಮೇಲೆ ಈಗ ಅಂಥ ಪ್ರಯಾಣವು ಸಾಧ್ಯವಿಲ್ಲ. ರೈಲೂ ಲಾರಿಯೂ ಅದರ ಸರಕನ್ನು ಕಸಿದುಕೊಂಡವು. ೧೯೬೦ರ ದಶಕದ ನಡುವಿನ ಮತ್ತು ೧೯೭೬ರ ಬಿರುಗಾಳಿಗಳು ಅದನ್ನು ಹೂಳಿನಿಂದ ಕೆಡಿಸಿದವು. ಚೆನ್ನೈಯೊಳಗೆ ಅದು ಚರಂಡಿಯಾಯಿತು; ೧೯೯೦ರ ದಶಕದಲ್ಲಿ ಪಟ್ಟಣದ ಮೇಲ್ಸೇತುವೆಯ ರೈಲಿನ ಕಂಬಗಳನ್ನು ಅದರ ಮೈಮೇಲೆಯೇ ನಿಲ್ಲಿಸಿದರು. ಆದಾಗ್ಯೂ ಅದು ಸಾಯುವ ಸ್ಥಿತಿಯಲ್ಲಿಯೂ ಒಂದು ಉಪಕಾರವನ್ನು ಮಾಡಿತು. ೨೦೦೪ನೇ ದಶಂಬರ ೨೬ರಂದು ಸುನಾಮಿಯ ತೆರೆಗಳು ಬಂದಾಗ ನೀರು ಈ ಕಾಲುವೆಯಲ್ಲಿ ತುಂಬಿಕೊಂಡು, ಅನೇಕ ಸ್ಥಳಗಳಲ್ಲಿ ಆಚೆಯ ಹಳ್ಳಿಗಳ ಮೇಲೆ ಬೀಳುವ ಬಲವನ್ನು ಕಡಿಮೆ ಮಾಡಿತು. ಬರಗಾಲದವರು ತೋಡಿದ ಹಳ್ಳವು ನೂರಿಪ್ಪತ್ತೈದು ವರುಷಗಳ ಮೇಲೆ ಬೇರೆಯವರ ಪ್ರಾಣವನ್ನು ಉಳಿಸಿತು.

ಕಾಗದದ ಮ್ಯಾಲೆಯಾದರೋ ಜಲಮಾರ್ಗವು ತಿರಿಗಿ ಹುಟ್ಟಿದೆ. ೨೦೦೮ರಲ್ಲಿ ಗೋದಾವರಿ, ಕೃಷ್ಣೆ, ಕಾಕಿನಾಡದಿಂದ ಪುದುಚೇರಿಯ ವರೆಗಿನ ಕಾಲುವೆಗಳನ್ನು ಕೂಡಿಸಿ ೪ನೇ ರಾಷ್ಟ್ರೀಯ ಜಲಮಾರ್ಗವೆಂದು ಸಾರಿದರು. ೨೦೧೬ರ ಕಾನೂನು ದೇಶದಲ್ಲಿ ಒಟ್ಟು ೧೧೧ ಜಲಮಾರ್ಗಗಳನ್ನು ಎಣಿಸಿತು. ಅದರ ಪ್ರಕಾರ ಆ ೪ನೇ ಮಾರ್ಗವು ಕೃಷ್ಣೆಯಲ್ಲಿ ಬಾಗಲಕೋಟೆ ಜಿಲ್ಲೆಯ ಗಲಗಲಿಯ ವರೆಗೆ ಏರಿ ಬಂದದೆ. ಅಂದರೆ ಲಿಂಗಸುಗೂರು ತಾಲೂಕಿನ ಜಲದುರ್ಗವೂ ಅದರೊಳಗೇ ಉಂಟು. ತುಂಗಭದ್ರೆಯು ೧೦೪ನೇ ಜಲಮಾರ್ಗ. ಕೃಷ್ಣೆಯಲ್ಲಿ ವಿಜಯವಾಡದ ಮೇಲಕ್ಕೆ ಮುಕ್ತ್ಯಾಲದ ವರೆಗಿನ ೮೨ ಕಿಲೋಮೀಟರಿನ ಕೆಲಸವನ್ನು ೨೦೧೭ರಲ್ಲಿ ಆರಂಭಿಸಿದರು. ಆದರೆ ನಮ್ಮ ಕಡೆಯ ದೋಣಿಯು ಅಲ್ಲಿಗೆ ಮುಟ್ಟಬೇಕಾದರೆ ಜಲದುರ್ಗದ ಧುಮುಕನ್ನೂ, ಶ್ರೀಶೈಲ ನಾಗಾರ್ಜುನಸಾಗರಗಳ ಲಾಕಿಲ್ಲದ ಎತ್ತರವಾದ ಅಣೆಕಟ್ಟುಗಳನ್ನೂ ದಾಟಬೇಕು. ಕಾನೂನು ದಾರಿಯ ಹೆಸರನ್ನು ಕೊಡಬಲ್ಲದು, ಆಳವನ್ನು ಕೊಡಲಾರದು.

೯. ನಮ್ಮ ಕಾಲುವೆಯ ಪಾಠ

ಈಗ ನಾವು ಮೊದಲು ನಿಂತಿದ್ದ ಸೇತುವೆಗೆ ತಿರಿಗಿ ಬರೋಣ. ಕಾಟನನ ಮನಸ್ಸಿನಲ್ಲಿ ಹುಟ್ಟಿದ ತುಂಗಭದ್ರೆಯ ಜಲಾಶಯಕ್ಕೆ ೧೯೪೫ರಲ್ಲಿ ಅಸ್ತಿವಾರ ಹಾಕಿದರು. ೧೯೫೩ರಲ್ಲಿ ನೀರು ನಿಂತಿತು. ಎಡದಂಡೆಯ ಕಾಲುವೆಯು ಮುನಿರಾಬಾದಿನಲ್ಲಿ ಹೊರಟು, ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಮಾನ್ವಿಗಳ ಸೀಮೆಯಿಂದ ರಾಯಚೂರಿನ ಕಡೆಗೆ ಸುಮಾರು ೨೨೭ ಕಿಲೋಮೀಟರು ಹೋಗುವದು. ಇದರಲ್ಲಿ ಲಾಕುಗಳಿಲ್ಲ, ನೀರು ದೋಣಿಗೆ ತಕ್ಕಂತೆ ನಿಲ್ಲದೆ ಹೊಲಕ್ಕೆ ತಕ್ಕಂತೆ ಓಡುವದು, ಬೇಸಿಗೆಯಲ್ಲಿ ಮುಚ್ಚುವದು, ಮುಂದೆ ಹೋದಂತೆ ಕಿರಿದಾಗುವದು. ಆದದರಿಂದ ದೋಣಿಯಿಲ್ಲ. ನಮ್ಮ ಪ್ರಶ್ನೆಗೆ ಉತ್ತರವು ಇಷ್ಟೇ.

ಆದರೆ ದೋಣಿಯು ಇಲ್ಲದಿದ್ದರೂ ದೋಣಿಯ ನಿಯಮವು ಇಲ್ಲಿಯೂ ಇದ್ದೇ ಇದೆ. ಈ ಕಾಲುವೆಯ ದೂರವನ್ನು ಇಂದಿಗೂ ಮೈಲುಗಳಲ್ಲಿಯೇ ಹೇಳುವರು. ೬೯ನೇ ಮೈಲು, ೧೦೪ನೇ ಮೈಲು ಎಂಬ ಹೆಸರುಗಳು ರೈತರ ಬಾಯಲ್ಲಿ ಊರಿನ ಹೆಸರುಗಳಂತೆ ಬರುವವು. ೧೦೪ನೇ ಮೈಲಿನಲ್ಲಿ ಆರು ಅಡಿ ನೀರು ನಿಲ್ಲಬೇಕೆಂಬದು ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರ ಬೇಡಿಕೆ. ಅದು ದೋಣಿ ತೇಲಿಸುವದಕ್ಕಲ್ಲ, ಮಕ್ಕಳ ಹೊಟ್ಟೆಗೆ. ಯೋಜನೆಯನ್ನು ಮಾಡಿದವರು ಈ ಭೂಮಿಯ ಹೆಚ್ಚು ಭಾಗವನ್ನು ಜೋಳ, ಹತ್ತಿ, ಶೇಂಗಾ ಮುಂತಾದ ಕೊಂಚ ನೀರಿನ ಬೆಳೆಗಳಿಗೆಂದು ಗೊತ್ತುಮಾಡಿದ್ದರು. ಗೋದಾವರಿ ಕೃಷ್ಣೆಗಳ ಬಯಲಿನಿಂದ ಬಂದ ಶ್ರಮಶೀಲರಾದ ಒಕ್ಕಲಿಗರು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತದ ಬೇಸಾಯವನ್ನು ತಂದರು. ನಮ್ಮವರೂ ಅದನ್ನು ಕಲಿತರು. ಸಂಪತ್ತು ಬಂತು, ಸುಳ್ಳಲ್ಲ. ಆದರೆ ಮೇಲಿನ ಹೊಲದಲ್ಲಿ ಭತ್ತಕ್ಕೆ ನಿಂತ ನೀರು ಕೆಳಗಿನ ಹೊಲದ ಜೋಳಕ್ಕೆ ಮುಟ್ಟಲಿಲ್ಲ.

ನೀರೂ ಮೊದಲಿನಷ್ಟಿಲ್ಲ. ೧೯೫೩ರಲ್ಲಿ ಸುಮಾರು ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಈಗ ೧೦೫ರ ಸುಮಾರು ಹಿಡಿಯುವದು. ೨೦೨೪ನೇ ಆಗಸ್ಟ್ ೧೦ರ ರಾತ್ರಿ ಅದರ ೩೩ ಗೇಟುಗಳಲ್ಲಿ ೧೯ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ, ಎರಡನೇ ಬೆಳೆಗೆಂದು ಕೂಡಿಟ್ಟ ನೀರು ನದಿಯ ಪಾಲಾಗುವದನ್ನು ನೋಡಿ ಸಿಂಧನೂರಿನವನೂ ರಾಯಚೂರಿನವನೂ ಒಂದೇ ಭಯದಿಂದ ನಡುಗಿದರು. ಒಂದು ವಾರದೊಳಗೆ ತಾತ್ಕಾಲಿಕವಾದ ಗೇಟನ್ನು ಇಳಿಸಿ ನೀರನ್ನು ನಿಲ್ಲಿಸಿದರು. ಆ ವಾರದಲ್ಲಿ ಮೇಲಿನವರು ಕೆಳಗಿನವರು ಎಂಬ ಭೇದವು ಇರಲಿಲ್ಲ. ಭಯದಲ್ಲಿ ಒಂದಾದವರು ಹಂಚಿಕೊಳ್ಳುವದರಲ್ಲಿಯೂ ಯಾಕೆ ಒಂದಾಗಬಾರದು? ಮಸ್ಕಿ ತಾಲೂಕಿನ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ ೫ಎ ಶಾಖಾಕಾಲುವೆಗಾಗಿ ೨೦೨೦ರಿಂದ ಬಹುಕಾಲ ಕೂತುಕೊಂಡದ್ದು ಸಹ ಇದೇ ಹಸಿವಿನಿಂದ: ಪಕ್ಕದಲ್ಲಿ ನೀರು ಹರಿಯುವದು, ತಮ್ಮ ಹೊಲ ಒಣಗುವದು.

ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವುಂಟು. ೧೯೧೫ರಲ್ಲಿ ಅದು ದೊರಕಿದಾಗ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ಸ್ಪಷ್ಟವಾಯಿತು. ದೊಡ್ಡವರು ಮಾತ್ರವೇ ಉನ್ನತಿಯನ್ನು ಹೊಂದುವರೆಂದು ನೆನಸಬಾರದು, ಸಣ್ಣವನೂ ಹೊಂದಬಲ್ಲನು, ಇದನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಿರಿ ಎಂಬದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ವರುಷಗಳಿಗಿಂತ ಹಿಂದೆ ಅದನ್ನು ಕೆತ್ತಿದವರು ನಮ್ಮ ಕಾಲುವೆಯನ್ನು ಕಾಣಲಿಲ್ಲ. ಆದರೂ ತಲೆಯ ಹೊಲದವನೂ ಬಾಲದ ಹೊಲದವನೂ ಕೂಡಿ ಆ ಬಂಡೆಯ ಮುಂದೆ ಒಂದು ಸಾರಿ ನಿಂತರೆ ಒಳ್ಳೇದು.

ಲಾಕಿನ ಬಾಗಿಲನ್ನು ಮರೆಯಬೇಡಿರಿ. ಒಳಗಿನ ನೀರೂ ಹೊರಗಿನ ನೀರೂ ಸಮವಾದಾಗಲೇ ಅದು ತೆರೆಯುವದು. ಅದಕ್ಕೆ ಮುಂಚೆ ಎಷ್ಟು ಮಂದಿ ನೂಕಿದರೂ ಕದಲದು. ಸಮವಾದ ಮೇಲೆ ಒಬ್ಬನ ಕೈ ಸಾಕು. ಈ ಸಾರಿ ನಿಮ್ಮ ಪಾಳಿ ಮುಗಿದ ರಾತ್ರಿ ತೂಬನ್ನು ಮುಚ್ಚುವಾಗ, ಕೆಳಗಿನ ಮೈಲಿನಲ್ಲಿ ಲಾಟೀನು ಹಿಡಿದು ನೀರಿನ ದಾರಿ ನೋಡುತ್ತಿರುವ ಗಂಡಹೆಂಡಿರನ್ನು ನೆನಸಿರಿ.

ಸಂಜೆಯ ಕೂಟಕ್ಕೆ ಪ್ರಶ್ನೆಗಳು

೧. ಹರಿಗೋಲು ನದಿಯನ್ನು ದಾಟುವದಕ್ಕೆ ತಕ್ಕದ್ದಾಗಿದ್ದು ದೂರ ಪ್ರಯಾಣಕ್ಕೆ ಯಾಕೆ ತಕ್ಕದ್ದಲ್ಲ?
೨. ಲಾಕಿನಲ್ಲಿ ದೋಣಿಯು ಇಳಿಯುವ ಬಗೆಯನ್ನು ಮಕ್ಕಳಿಗೆ ತಿಳಿಯುವಂತೆ ಹೇಳಿರಿ.
೩. ಕರ್ನೂಲು ಕಡಪ ಕಾಲುವೆಯ ಮೇಲೆ ದೋಣಿಯ ಸಂಚಾರ ನಿಂತುಹೋದ ಮೂರು ಕಾರಣಗಳು ಯಾವವು?
೪. ಬಕಿಂಗ್‌ಹ್ಯಾಮ್ ಕಾಲುವೆಯನ್ನು ಅಗಿದವರು ಯಾರು? ಅವರಿಗೆ ಸಿಕ್ಕಿದ ಕೂಲಿ ಎಷ್ಟು?
೫. ನಿಮ್ಮ ಊರು ಕಾಲುವೆಯ ಯಾವ ಮೈಲಿನಲ್ಲಿದೆ? ನಿಮ್ಮ ಮೇಲಿನ ಊರು, ಕೆಳಗಿನ ಊರು ಯಾವವು? ಹೋದ ವರುಷ ಅವರ ಬೆಳೆ ಹೇಗಿತ್ತೆಂದು ಕೇಳಿಕೊಂಡು ಬಂದು ಮುಂದಿನ ಕೂಟದಲ್ಲಿ ತಿಳಿಸಿರಿ.